ಕಂಪನಿದು ಹಾಕ್ಲಾ, ಲೋಕಲ್ ಹಾಕ್ಲಾ? ಹಳೆಯ ಗಾಡಿಯ ಬಿಡಿಭಾಗದ ಲೆಕ್ಕಾಚಾರ



ನಿಮ್ಮ ಮನೆಯಲ್ಲಿ ಹತ್ತು ಹದಿನೈದು ವರ್ಷದ ಸ್ಕೂಟರೋ, ಬೈಕೋ, ಕಾರೋ ಇದೆಯೇ? ಹಾಗಿದ್ದರೆ ಈ ಪ್ರಶ್ನೆ ನಿಮಗೆ ಹೊಸದಲ್ಲ. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳುತ್ತಾನೆ: "ಸಾರ್, ಕಂಪನಿದು ಹಾಕ್ಲಾ, ಲೋಕಲ್ ಹಾಕ್ಲಾ? ಕಂಪನಿದು ಒಂಬೈನೂರು, ಲೋಕಲ್ಲು ನಾನೂರು." ನಾವು ಒಂದು ಸಲ ಗಾಡಿಯ ಮುಖ ನೋಡುತ್ತೇವೆ, ಒಂದು ಸಲ ಜೇಬು ಮುಟ್ಟಿಕೊಳ್ಳುತ್ತೇವೆ. "ಹಳೇ ಗಾಡಿ ತಾನೇ, ಲೋಕಲ್ಲೇ ಹಾಕಪ್ಪಾ" ಎಂದುಬಿಡುತ್ತೇವೆ.

ನಾನೂ ಹಾಗೆಯೇ ಹೇಳುತ್ತಿದ್ದೆ. ಕೊಂಡಪಲ್ಲಿಯ ಬೆಟ್ಟ ಇಳಿಯುವವರೆಗೆ.

ಬೆಟ್ಟದಲ್ಲಿ ಕಲಿತ ಪಾಠ

ವಿಜಯವಾಡದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಕೊಂಡಪಲ್ಲಿ ಇದೆ. ಮರದ ಬೊಂಬೆಗಳಿಗೆ ಹೆಸರಾದ ಊರು. ಅಲ್ಲಿ ನನ್ನ ಅಕ್ಕನ ಮನೆ. ಭಾವನ ಹತ್ತಿರ 2008ರ ಮಾರುತಿ 800 ಇದೆ. ರಜೆಗೆಂದು ಹೋಗಿದ್ದಾಗ ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ ಸವೆದು ಕಿರ್ ಎನ್ನುತ್ತಿತ್ತು. ಭಾವನಿಗೆ ಡ್ಯೂಟಿ. "ನಾನು ಹಾಕಿಸಿಕೊಂಡು ಬರ್ತೀನಿ ಭಾವ" ಎಂದು ಗಾಡಿ ತೆಗೆದುಕೊಂಡು ಹೋದೆ. ಅಂಗಡಿಯವನು ಎರಡು ಡಬ್ಬಿ ತೋರಿಸಿದ. ಅಗ್ಗದ್ದನ್ನೇ ಆರಿಸಿದೆ. ಬಿಲ್ಲನ್ನೂ ಕೇಳಲಿಲ್ಲ. ಉಳಿದ ದುಡ್ಡಿನಲ್ಲಿ ಅಕ್ಕನ ಮಗಳಿಗೆ ಒಂದು ಅಂಬಾರಿ ಆನೆಯ ಬೊಂಬೆ ಕೊಂಡು, ದೊಡ್ಡ ಜಾಣತನ ಮಾಡಿದೆ ಎಂದುಕೊಂಡೆ.

ಎರಡು ದಿನ ಬಿಟ್ಟು ಎಲ್ಲರೂ ಕೋಟೆ ನೋಡಲು ಹೊರಟೆವು. ಕೊಂಡಪಲ್ಲಿ ಕೋಟೆ ಬೆಟ್ಟದ ಮೇಲಿದೆ. ಕಾಡಿನ ನಡುವೆ ತಿರುವು ರಸ್ತೆ. ಹತ್ತುವಾಗ ತೊಂದರೆಯಾಗಲಿಲ್ಲ. ಇಳಿಯುವಾಗ ಗಾಡಿಯಲ್ಲಿ ಐದು ಜನ, ಸ್ಟೇರಿಂಗಿನಲ್ಲಿ ನಾನು. ನಾಲ್ಕೈದು ತಿರುವು ದಾಟುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದೆ. ಪೆಡಲ್ ಗಟ್ಟಿಯಾಗಿಯೇ ಇತ್ತು, ಗಾಡಿ ಮಾತ್ರ ನಿಧಾನವಾಗಲಿಲ್ಲ. ಭಾವ ಪಕ್ಕದಿಂದ "ಗೇರ್ ಇಳಿಸು, ಗೇರ್ ಇಳಿಸು" ಎಂದು ಕೂಗಿದರು. ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಸಿ, ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆದು, ಬೆಟ್ಟದ ಕಡೆಯ ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಮಗು ಆನೆಯ ಬೊಂಬೆ ಹಿಡಿದುಕೊಂಡು ಹಾಗೇ ಕೂತಿತ್ತು. ಅಕ್ಕ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು.

ಮರುದಿನ ಗಾಡಿಯನ್ನು ನಿಧಾನವಾಗಿ ವಿಜಯವಾಡದ ಆಟೋನಗರಕ್ಕೆ ತಂದೆವು. ಬೆಳಗಾವಿಯ ಆಟೋನಗರ ನೋಡಿದವರಿಗೆ ಅಂದಾಜು ಸಿಗುತ್ತದೆ. ವಿಜಯವಾಡದ್ದು ಇನ್ನೂ ದೊಡ್ಡದು: ಬಾಡಿ ಕಟ್ಟುವವರು, ಎಂಜಿನ್ ಬಿಚ್ಚುವವರು, ಬಿಡಿಭಾಗದ ಅಂಗಡಿಗಳು, ಸಾಲು ಸಾಲು ಲಾರಿಗಳು. ನಮಗೆ ಸಿಕ್ಕ ಮೆಕ್ಯಾನಿಕ್ ಬಳ್ಳಾರಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದವರು, ಕನ್ನಡ ಬರುತ್ತಿತ್ತು. ಪ್ಯಾಡ್ ಬಿಚ್ಚಿ ನನ್ನ ಕೈಯಲ್ಲಿಟ್ಟರು. ಉಜ್ಜುವ ಭಾಗ ಬಿರುಕು ಬಿಟ್ಟಿತ್ತು, ಒಂದು ಅಂಚಿನಲ್ಲಿ ಕಬ್ಬಿಣದ ಪಟ್ಟಿಯಿಂದ ಎದ್ದು ಬಂದಿತ್ತು. "ಹಳೇ ಗಾಡಿ ಅಂತ ಅಗ್ಗದ್ದು ಹಾಕಿಸಿದೆ" ಎಂದೆ. ಅವರು ಹೇಳಿದ್ದು ಒಂದೇ ಮಾತು: "ಸಾರ್, ಗಾಡಿ ಹಳೇದಾದ್ರೆ ಬೆಟ್ಟ ಚಿಕ್ಕದಾಗುತ್ತಾ?"

ತಪ್ಪು ಪೂರ್ತಿ ಪ್ಯಾಡಿನದಲ್ಲ. ಇಳಿಜಾರಿನಲ್ಲಿ ಮೇಲಿನ ಗೇರಿನಲ್ಲಿ ಬಂದು ಬ್ರೇಕ್ ಮೇಲೆಯೇ ಕಾಲಿಟ್ಟುಕೊಂಡಿದ್ದು ನನ್ನ ತಪ್ಪು. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಡ್ರೈವಿಂಗ್ ಕಲಿಸುವವರು ಸುಮ್ಮನೆ ಹೇಳುವುದಿಲ್ಲ. ಆದರೆ ಒಳ್ಳೆಯ ಪ್ಯಾಡ್ ಇಂಥ ತಪ್ಪನ್ನು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ. ಬ್ರೇಕ್ ಪ್ಯಾಡ್ ಎಂದರೆ ನಾರು, ಲೋಹದ ಪುಡಿ ಮೊದಲಾದವನ್ನು ಅಂಟಿನಲ್ಲಿ ಕಲಸಿ, ಒತ್ತಿ, ಬೇಯಿಸಿದ ಬಿಲ್ಲೆ. ಅಂಟು ಕಳಪೆಯಾಗಿದ್ದರೆ ಬಿಸಿ ಏರಿದಾಗ ಅದು ಅನಿಲ ಬಿಡುತ್ತದೆ, ಹಿಡಿತ ಹೋಗುತ್ತದೆ. ಇದನ್ನೇ ಬ್ರೇಕ್ ಫೇಡ್ ಎನ್ನುತ್ತಾರೆ. ಊರೊಳಗಿನ ಓಡಾಟದಲ್ಲಿ ಇದು ಗೊತ್ತೇ ಆಗುವುದಿಲ್ಲ. ಬೆಟ್ಟ ಬಂದಾಗಲೇ ಗೊತ್ತಾಗುವುದು.

ಮಾಲಿನಲ್ಲಿ ಎರಡಲ್ಲ, ಐದು ಬಗೆ

ನಾವು "ಒರಿಜಿನಲ್, ಡೂಪ್ಲಿಕೇಟ್" ಎಂದು ಎರಡೇ ಮಾತಿನಲ್ಲಿ ಮುಗಿಸುತ್ತೇವೆ. ಅಂಗಡಿಯ ಕಪಾಟಿನಲ್ಲಿ ಇರುವುದು ಐದು ಬಗೆ.

ಮೊದಲನೆಯದು ಗಾಡಿ ತಯಾರಿಸಿದ ಕಂಪನಿಯ ಹೆಸರಿನ ಡಬ್ಬಿಯಲ್ಲಿ ಬರುವುದು. ಮಾರುತಿ, ಟಾಟಾ, ಹೀರೋ, ಬಜಾಜ್ ಎಲ್ಲರಿಗೂ ತಮ್ಮದೇ ಡಬ್ಬಿಗಳಿವೆ. ಬೆಲೆ ಹೆಚ್ಚು, ಅಳತೆ ಸರಿಯಾಗಿರುತ್ತದೆ.

ಎರಡನೆಯದನ್ನು ಬಹಳ ಜನ ಗಮನಿಸುವುದಿಲ್ಲ. ಗಾಡಿ ಕಂಪನಿ ಎಲ್ಲ ಭಾಗಗಳನ್ನೂ ತಾನೇ ಮಾಡುವುದಿಲ್ಲ. ಪ್ಲಗ್, ಬೇರಿಂಗ್, ಬ್ರೇಕ್, ಸ್ಟಾರ್ಟರ್, ಶಾಕ್ ಅಬ್ಸಾರ್ಬರ್ ಇವನ್ನೆಲ್ಲ ಬೇರೆ ಕಾರ್ಖಾನೆಗಳಿಂದ ತರಿಸಿಕೊಳ್ಳುತ್ತದೆ. ಆ ಕಾರ್ಖಾನೆಗಳೇ ತಮ್ಮ ಹೆಸರಿನ ಡಬ್ಬಿಯಲ್ಲೂ ಮಾರುತ್ತವೆ. ನಮ್ಮ ಬೆಂಗಳೂರಿನ ಮೈಕೋ ನೆನಪಿದೆಯಲ್ಲ? 1951ರಲ್ಲಿ ಶುರುವಾದ ಕಂಪನಿ, 2008ರಿಂದ ಬಾಷ್ ಲಿಮಿಟೆಡ್. ಮೈಕೋ ಪ್ಲಗ್ ಎಂದರೆ ನಮ್ಮ ಅಪ್ಪಂದಿರ ಕಾಲದಲ್ಲಿ ಅದೇ ಒರಿಜಿನಲ್. ಚೆನ್ನೈ ಕಡೆಯ ಲ್ಯೂಕಾಸ್ ಟಿವಿಎಸ್, ಬ್ರೇಕ್ಸ್ ಇಂಡಿಯಾ, ರಾಣೆ ಕೂಡ ಇದೇ ಸಾಲಿನವು. ಗಾಡಿ ಕಂಪನಿಯ ಮುದ್ರೆ ಇಲ್ಲದ ಕಾರಣಕ್ಕೆ ಇವು ಸಾಮಾನ್ಯವಾಗಿ ಸ್ವಲ್ಪ ಅಗ್ಗ. ಹಳೆಯ ಗಾಡಿ ಇಟ್ಟುಕೊಂಡವರಿಗೆ ಅನೇಕ ಸಲ ಇದೇ ಸರಿಯಾದ ಆಯ್ಕೆ.

ಮೂರನೆಯದು ಗಾಡಿ ಕಂಪನಿಗೆ ಮಾಲು ಕೊಡದೆ, ಸ್ವಂತ ಹೆಸರಿನಲ್ಲಿ ಮಾರುಕಟ್ಟೆಗಷ್ಟೇ ಮಾಡುವವರದು. ಇದರಲ್ಲಿ ಒಳ್ಳೆಯದೂ ಉಂಟು, ಕೆಟ್ಟದ್ದೂ ಉಂಟು. ಆದರೆ ಇದು ಮೋಸವಲ್ಲ. ತನ್ನ ಹೆಸರು ವಿಳಾಸ ಹೇಳಿಕೊಂಡೇ ಮಾರುತ್ತದೆ.

ನಾಲ್ಕನೆಯದು ನಕಲಿ. ಇನ್ನೊಬ್ಬರ ಹೆಸರು, ಇನ್ನೊಬ್ಬರ ಡಬ್ಬಿ, ಒಳಗೆ ಬೇರೆ ಮಾಲು. ನಾನು ಕೊಂಡ ಡಬ್ಬಿಯನ್ನು ಆಮೇಲೆ ನೋಡಿದೆ. ದೊಡ್ಡ ಕಂಪನಿಯ ಹೆಸರೇ ಎಂದುಕೊಂಡಿದ್ದೆ, ಅದರಲ್ಲಿ ಒಂದಕ್ಷರ ಬೇರೆ ಇತ್ತು. ತಯಾರಿಸಿದವರ ವಿಳಾಸ ಎಲ್ಲೂ ಇರಲಿಲ್ಲ.

ಐದನೆಯದು ಗುಜರಿಯಿಂದ ತಂದದ್ದು, ಅಂದರೆ ಬೇರೆ ಗಾಡಿಯಿಂದ ಬಿಚ್ಚಿದ್ದು.

ಹೀಗಾಗಿ ಮೆಕ್ಯಾನಿಕ್ "ಲೋಕಲ್" ಎಂದಾಗ ಸುಮ್ಮನೆ ತಲೆಯಾಡಿಸಬೇಡಿ. "ಯಾವ ಲೋಕಲ್? ಯಾರು ಮಾಡಿದ್ದು?" ಎಂದು ಕೇಳಿ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಇಬ್ಬರೂ ಲೋಕಲ್ ಎಂದೇ ಕರೆಯುತ್ತಾರೆ. ಅಪಾಯ ಇರುವುದು ಅಲ್ಲಿ.

ಕೇಳಬೇಕಾದದ್ದು ಒಂದೇ ಪ್ರಶ್ನೆ

ಎಲ್ಲಕ್ಕೂ ಕಂಪನಿಯದೇ ಹಾಕಿಸಿದರೆ ಹಳೆಯ ಗಾಡಿ ಸಾಕುವುದು ಆನೆ ಸಾಕಿದ ಹಾಗೆ. ಎಲ್ಲಕ್ಕೂ ಅಗ್ಗದ್ದೇ ಹಾಕಿಸಿದರೆ ನನ್ನ ಕತೆ. ನಡುವಿನ ದಾರಿ ಹೇಗೆ? ಗಾಡಿ ಎಷ್ಟು ಹಳೆಯದು ಎಂದು ಕೇಳಬೇಡಿ. "ಈ ಭಾಗ ಓಡುವಾಗ ಕೈಕೊಟ್ಟರೆ ಏನಾಗುತ್ತದೆ?" ಎಂದು ಕೇಳಿ. ಉತ್ತರ ಮೂರರಲ್ಲಿ ಒಂದಾಗಿರುತ್ತದೆ.

ಜೀವಕ್ಕೆ ಅಪಾಯ: ಬ್ರೇಕ್ ಪ್ಯಾಡ್, ಲೈನಿಂಗ್, ಬ್ರೇಕ್ ಪೈಪು, ಮಾಸ್ಟರ್ ಸಿಲಿಂಡರ್; ಸ್ಟೇರಿಂಗಿನ ಟೈ ರಾಡ್, ಬಾಲ್ ಜಾಯಿಂಟ್; ಚಕ್ರದ ಬೇರಿಂಗ್, ಟಯರ್, ಸೀಟ್ ಬೆಲ್ಟ್, ಮುಂದಿನ ಗಾಜು, ಪೆಟ್ರೋಲ್ ಪೈಪು. ಬೈಕಿನಲ್ಲಿ ಚೈನ್ ಸ್ಪ್ರಾಕೆಟ್ ಕೂಡ ಸೇರಿಸಿಕೊಳ್ಳಿ. ಓಡುವಾಗ ಚೈನ್ ಕಡಿದು ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಇವುಗಳಿಗೆ ಮೊದಲ ಎರಡು ಬಗೆ ಬಿಟ್ಟು ಬೇರೆ ಬೇಡ. ಹಣ ಸಾಲದಿದ್ದರೆ ಒಂದು ವಾರ ಗಾಡಿ ನಿಲ್ಲಿಸಿ, ಬಸ್ಸಿನಲ್ಲಿ ಹೋಗಿ. ಹಳೆಯ ಕಾಲದ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಡಬ್ಬಿಯ ಮೇಲೆ ಆಸ್ಬೆಸ್ಟಾಸ್ ಇಲ್ಲವೆಂದು ಬರೆದಿದೆಯೇ ನೋಡಿ.

ದಾರಿಯಲ್ಲಿ ನಿಲ್ಲುತ್ತದೆ, ಇಲ್ಲವೇ ಎಂಜಿನ್ ಕೆಡುತ್ತದೆ: ಕ್ಲಚ್ ಪ್ಲೇಟು, ಟೈಮಿಂಗ್ ಬೆಲ್ಟ್, ನೀರಿನ ಪಂಪು, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಪ್ಲಗ್. ಇವುಗಳಿಗೆ ಎರಡನೆಯ ಬಗೆ ಸಾಕು. ಮೂರನೆಯ ಬಗೆಯಲ್ಲಿ ನಿಮ್ಮ ಮೆಕ್ಯಾನಿಕ್ ವರ್ಷಗಟ್ಟಲೆ ಹಾಕಿ ನೋಡಿರುವ ಹೆಸರಾದರೂ ಆದೀತು. ಫಿಲ್ಟರ್ ಚಿಕ್ಕ ವಸ್ತು ಎಂದು ಉದಾಸೀನ ಬೇಡ. ಏರ್ ಫಿಲ್ಟರಿನ ಅಂಚಿನ ರಬ್ಬರ್ ಸರಿಯಾಗಿ ಕೂರದಿದ್ದರೆ ಧೂಳು ನೇರ ಸಿಲಿಂಡರಿಗೆ ಹೋಗುತ್ತದೆ. ಇನ್ನೂರು ರೂಪಾಯಿ ಉಳಿಸಲು ಹೋಗಿ ಎಂಜಿನ್ ಬೋರ್ ಮಾಡಿಸಿದವರನ್ನು ಯಾವ ಗ್ಯಾರೇಜಿನಲ್ಲಿ ಕೇಳಿದರೂ ತೋರಿಸುತ್ತಾರೆ.

ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ: ಬಂಪರ್, ಕಾಲಿನ ಮ್ಯಾಟು, ಬಾಗಿಲ ಹಿಡಿ, ಒಳಗಿನ ಪ್ಲಾಸ್ಟಿಕ್, ಚಕ್ರದ ಕ್ಯಾಪು, ಸೀಟ್ ಕವರ್. ಇಲ್ಲಿ ಧಾರಾಳವಾಗಿ ಅಗ್ಗದ್ದು ತನ್ನಿ, ಗುಜರಿಯಿಂದಲೂ ತನ್ನಿ. ಹಳೆಯ ಕಾರಿನ ಬಾಗಿಲು, ಬಾನೆಟ್ಟುಗಳು ಗುಜರಿಯಲ್ಲಿ ಹೊಸದಕ್ಕಿಂತ ಚೆನ್ನಾಗಿ ಹೊಂದುವುದೂ ಉಂಟು, ಏಕೆಂದರೆ ಅವು ಅದೇ ಕಾರ್ಖಾನೆಯಿಂದ ಬಂದವು. ಕಳವಿನ ಗಾಡಿಯದಾಗಿರಬಾರದು, ಅಂಗಡಿಯವನಿಂದ ರಸೀದಿ ಪಡೆಯಿರಿ.

ದೀಪದ ವಿಷಯದಲ್ಲಿ ಒಂದು ಎಚ್ಚರ. ಕಾರಿನ ಹೆಡ್‌ಲೈಟಿಗೆ ಸಾಮಾನ್ಯವಾಗಿ ಹಾಕುವ ಬಲ್ಬು 60/55 ವ್ಯಾಟಿನದು. "ಬೆಳಕು ಜಾಸ್ತಿ" ಎಂದು 100/90 ವ್ಯಾಟಿನದನ್ನು ಕೊಡುತ್ತಾರೆ. ಹದಿನೈದು ವರ್ಷದ ವೈರು ಆ ಬಿಸಿ ತಡೆಯದೆ ಹೋಲ್ಡರ್ ಕರಗುತ್ತದೆ. ಎದುರಿನವನ ಕಣ್ಣಿಗೂ ಕತ್ತಲೆ.

ಕಂಪನಿಯದಾದರೂ ಹಳಸಿದ್ದರೆ?

ಇಲ್ಲಿ ನನಗೂ ಆಶ್ಚರ್ಯವಾದ ಒಂದು ಸಂಗತಿ ಇದೆ. ಹಳೆಯ ಗಾಡಿಗೆ ಕಂಪನಿಯ ಡಬ್ಬಿಯದೇ ಯಾವಾಗಲೂ ಮೇಲು ಎನ್ನುವಂತಿಲ್ಲ. ರಬ್ಬರಿಗೆ ವಯಸ್ಸಿದೆ. ಹನ್ನೆರಡು ವರ್ಷ ಕಪಾಟಿನಲ್ಲಿ ಕೂತ ಎಂಜಿನ್ ಮೌಂಟಿಂಗ್, ಬುಷ್, ಆಯಿಲ್ ಸೀಲ್ ಡಬ್ಬಿಯೊಳಗೇ ಗಟ್ಟಿಯಾಗಿರುತ್ತದೆ. ಅದಕ್ಕಿಂತ ಕಳೆದ ವರ್ಷ ತಯಾರಾದ, ಹೆಸರಿರುವ ಬೇರೆ ಕಂಪನಿಯದು ವಾಸಿ. ಡಬ್ಬಿಯ ಮೇಲೆ ತಯಾರಾದ ತಿಂಗಳು, ವರ್ಷ ನೋಡಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 1524 ಎಂದಿದ್ದರೆ 2024ರ 15ನೇ ವಾರದಲ್ಲಿ ತಯಾರಾದದ್ದು ಎಂದರ್ಥ.

ಎಥನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಇದು ಇನ್ನೂ ಮುಖ್ಯ. ಶೇಕಡ 20 ಎಥನಾಲ್ ಇರುವ ಪೆಟ್ರೋಲ್ 2025ರ ಹೊತ್ತಿಗೆ ದೇಶದಲ್ಲೆಲ್ಲ ಬಂದಿದೆ. ಕೆಲವು ಹಳೆಯ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು ಬದಲಾಯಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ ಆ ವರ್ಷ ಹೇಳಿತು. ಪೆಟ್ರೋಲ್ ಪೈಪು ಕೊಳ್ಳುವಾಗ ಹಳೆಯ ದಾಸ್ತಾನು ಬೇಡ. ಎಥನಾಲ್ ತಡೆಯುವ ಹೊಸ ಪೈಪನ್ನೇ ಕೇಳಿ.

ಗಾಡಿಯೇ ನಿಂತುಹೋದವರ ಪಾಡು

ಮಾರುತಿ 800 ಶುರುವಾದದ್ದು 1983ರಲ್ಲಿ, ಕೊನೆಯಾದದ್ದು 2014ರಲ್ಲಿ. ಅದೇ ವರ್ಷ ಅಂಬಾಸಡರ್ ಕೂಡ ನಿಂತಿತು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. 2022ರಲ್ಲಿ ಯೆಜ್ಡಿ ಹೆಸರಿನ ಬೈಕು ಮತ್ತೆ ಬಂತು ನಿಜ, ಆದರೆ ಅದು ಹೊಸ ಎಂಜಿನ್ನಿನ ಹೊಸ ಬೈಕು. ತಾತನ ಎರಡು ಸೈಲೆನ್ಸರಿನ ಯೆಜ್ಡಿಗೆ ಅದರ ಭಾಗ ಕೂರುವುದಿಲ್ಲ.

ಇಂಥ ಗಾಡಿಗಳಿಗೆ ಕಂಪನಿಯದು ಬೇಕೆಂದರೂ ಕೆಲವು ಭಾಗ ಸಿಗುವುದಿಲ್ಲ. ಯೆಜ್ಡಿಯಂಥ ಬೈಕುಗಳಿಗೆ ಸಣ್ಣ ಕಾರ್ಖಾನೆಗಳವರು ಮಾದರಿ ನೋಡಿ ಮಾಡಿದ ಭಾಗಗಳೇ ಗತಿ. ಆಗ ಹಳೆಯ ಭಾಗವನ್ನು ಎಸೆಯದೆ ಅಂಗಡಿಗೆ ಒಯ್ಯಿರಿ. ಪಕ್ಕದಲ್ಲಿಟ್ಟು ಉದ್ದ, ದಪ್ಪ, ತೂಕ, ಹಲ್ಲಿನ ಎಣಿಕೆ ಹೋಲಿಸಿ. ಬೇರಿಂಗಿನ ಮೇಲೆ ಕೊರೆದಿರುವ ಸಂಖ್ಯೆ ಬರೆದುಕೊಳ್ಳಿ. ಆ ಸಂಖ್ಯೆ ಇದ್ದರೆ ಗಾಡಿಯ ಹೆಸರು ಹೇಳದೆಯೂ ಬೇರಿಂಗ್ ಸಿಗುತ್ತದೆ. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆ, ವಿಜಯವಾಡದಲ್ಲಾದರೆ ಆಟೋನಗರ ಒಂದು ಸುತ್ತು ಹಾಕಿದರೆ ಇಂಥದ್ದು ಗೊತ್ತಿರುವ ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ.

ನಕಲಿಯನ್ನು ಹಿಡಿಯುವುದು ಹೇಗೆ?

ಒಂದು, ಹೆಸರಿನ ಪ್ರತಿ ಅಕ್ಷರ ಓದಿ. ನಾನು ಓದಲಿಲ್ಲ, ಕನ್ನಡ ಬಿ.ಎ. ಮಾಡಿ, ದಿನವೂ ಮೈಕಿನ ಮುಂದೆ ಅಕ್ಷರ ಅಕ್ಷರ ಓದುವವನು, ಡಬ್ಬಿಯ ಮೇಲಿನ ಒಂದಕ್ಷರದಲ್ಲಿ ಎಡವಿದೆ.

ಎರಡು, ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು, ವರ್ಷ ಇರಬೇಕು. ಇವು ಕಾನೂನಿನ ಪ್ರಕಾರ ಕಡ್ಡಾಯ. ಜೊತೆಗೆ ಭಾಗದ ಸಂಖ್ಯೆ, ಹಾಲೋಗ್ರಾಮ್ ಅಥವಾ ಕ್ಯೂಆರ್ ಕೋಡ್ ಇದ್ದರೆ ಪರೀಕ್ಷಿಸಿ.

ಮೂರು, ಕಂಪನಿಯ ಮಾಲನ್ನು ಯಾರಾದರೂ ಅರ್ಧ ಬೆಲೆಗೆ ಕೊಡುತ್ತೇನೆಂದರೆ ಕೊಳ್ಳಬೇಡಿ. ನಿಜವಾದ ಅಂಗಡಿಯವನಿಗೆ ಅಷ್ಟು ಬಿಡಲು ಲಾಭವೇ ಇರುವುದಿಲ್ಲ.

ನಾಲ್ಕು, ಗಾಜಿನ ಮೂಲೆಯಲ್ಲಿ ಐಎಸ್‌ಐ ಗುರುತು ಇದೆಯೇ ನೋಡಿ.

ಐದು, ಖಾಲಿ ಡಬ್ಬಿಯನ್ನು ಹರಿದು ಎಸೆಯಿರಿ. ಗ್ಯಾರೇಜಿನ ಕಸದಲ್ಲಿ ಬಿದ್ದ ಒಳ್ಳೆಯ ಡಬ್ಬಿಯೊಳಗೇ ನಾಳೆ ನಕಲಿ ಮಾಲು ಬಂದು ಕೂರುವುದು.

ಬಿಲ್ಲು, ವಿಮೆ, ಕಾನೂನು

"ಬಿಲ್ ಬೇಡ ಅಂದ್ರೆ ಟ್ಯಾಕ್ಸ್ ಬಿಡ್ತೀನಿ ಸಾರ್." ಈ ಮಾತಿಗೆ ಮರುಳಾಗಬೇಡಿ. ಬಿಲ್ಲಿಲ್ಲದ ಭಾಗಕ್ಕೆ ವಾರಂಟಿ ಕೇಳುವಂತಿಲ್ಲ, ಬದಲಿ ಕೇಳುವಂತಿಲ್ಲ, ದೂರು ಕೊಟ್ಟರೆ ನಿಲ್ಲುವುದೂ ಕಷ್ಟ. ನನ್ನ ಕೈಯಲ್ಲಿ ಬಿಲ್ಲಿದ್ದಿದ್ದರೆ ಆ ಅಂಗಡಿಗೆ ಹೋಗಿ ಕೇಳಬಹುದಿತ್ತು. ಅಂದಹಾಗೆ 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ. ಹಳೆಯ ಬೆಲೆಯನ್ನೇ ಹೇಳಿದರೆ ಕೇಳುವ ಹಕ್ಕು ನಿಮಗಿದೆ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ನಕಲಿ ಮುದ್ರೆ ಹಾಕಿ ಮಾರುವವರಿಗೆ 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಇದೆ.

ವಿಮೆಯ ಲೆಕ್ಕವೂ ತಿಳಿದಿರಲಿ. ಸಾಮಾನ್ಯ ಪೂರ್ಣ ವಿಮೆಯಲ್ಲಿ ಗಾಡಿಗೆ 10 ವರ್ಷ ದಾಟಿದ್ದರೆ ಲೋಹದ ಭಾಗದ ಬೆಲೆಯಲ್ಲಿ ಶೇಕಡ 50 ಸವಕಳಿ ಎಂದು ಕಳೆಯುತ್ತಾರೆ. ರಬ್ಬರ್, ಪ್ಲಾಸ್ಟಿಕ್, ಟಯರ್, ಬ್ಯಾಟರಿಗೂ ಶೇಕಡ 50. ಗಾಜಿಗೆ ಸವಕಳಿ ಇಲ್ಲ. ಹೀಗಾಗಿ ಅಪಘಾತದ ನಂತರ ಅರ್ಧ ಖರ್ಚು ನಮ್ಮ ಜೇಬಿನದೇ ಎಂದು ಮೊದಲೇ ಗೊತ್ತಿದ್ದರೆ ಆಮೇಲೆ ಸಂಕಟವಿಲ್ಲ.

"ಹೊರಗಿನ ಗ್ಯಾರೇಜಿಗೆ ಬಿಟ್ಟರೆ ವಾರಂಟಿ ಹೋಯಿತು" ಎಂಬ ಬೆದರಿಕೆಯೂ ಇದೆ. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಎನ್ನಬಾರದೆಂದೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು, ಆ ಮಾತು ಬೇರೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ "ರಿಪೇರಿಯ ಹಕ್ಕು" ಎಂಬ ವ್ಯವಸ್ಥೆಯನ್ನು ಶುರುಮಾಡಿದಾಗ ಅದರಲ್ಲಿ ವಾಹನಗಳನ್ನೂ ಸೇರಿಸಿತು. ಅಂದರೆ ಎಲ್ಲಿ ರಿಪೇರಿ ಮಾಡಿಸಬೇಕೆಂಬ ಆಯ್ಕೆ ನಿಮ್ಮದು. ಆಯ್ಕೆ ನಿಮ್ಮದಾದ ಮೇಲೆ ಎಚ್ಚರವೂ ನಿಮ್ಮದೇ.

ಅಗ್ಗದ್ದು ನಿಜಕ್ಕೂ ಅಗ್ಗವೇ?

ಒಂದು ಸಣ್ಣ ಲೆಕ್ಕ ಮಾಡೋಣ. ಬೆಲೆಗಳು ಉದಾಹರಣೆಗೆ ಮಾತ್ರ. ಅಗ್ಗದ ಪ್ಯಾಡಿಗೆ 400 ರೂಪಾಯಿ, ಬಾಳಿಕೆ 8 ಸಾವಿರ ಕಿಲೋಮೀಟರ್. ಒಳ್ಳೆಯದಕ್ಕೆ 900, ಬಾಳಿಕೆ 24 ಸಾವಿರ. ಕೂಲಿ ಎರಡಕ್ಕೂ 300. ಗಾಡಿ 24 ಸಾವಿರ ಓಡುವಷ್ಟರಲ್ಲಿ ಅಗ್ಗದ್ದನ್ನು ಮೂರು ಸಲ ಹಾಕಿಸಬೇಕು: 2,100 ರೂಪಾಯಿ. ಒಳ್ಳೆಯದನ್ನು ಒಂದೇ ಸಲ: 1,200. ಡಿಸ್ಕ್ ಗೀರಿದ ಖರ್ಚು, ಕೆಲಸ ಬಿಟ್ಟು ಗ್ಯಾರೇಜಿನಲ್ಲಿ ಕಾದ ಅರ್ಧ ದಿನಗಳು ಈ ಲೆಕ್ಕದಲ್ಲಿಲ್ಲ.

ಗಾಡಿಯನ್ನು ಇನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂಬುದನ್ನೂ ಯೋಚಿಸಿ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿದು, ತಪಾಸಣೆ ಆದ ಮೇಲೆ ಐದು ವರ್ಷಕ್ಕೆ ನವೀಕರಣವಾಗುತ್ತದೆ. ಆರು ತಿಂಗಳಲ್ಲಿ ಮಾರುವ ಗಾಡಿಗೆ ದುಬಾರಿ ಶಾಕ್ ಅಬ್ಸಾರ್ಬರ್ ಬೇಕಿಲ್ಲ. ಬ್ರೇಕಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಆರು ತಿಂಗಳೂ ಅದರಲ್ಲಿ ಕೂರುವವರು ನಮ್ಮವರೇ.

ಕೊನೆಗೆ ಬೊಂಬೆಯ ವಿಷಯ. ಕೊಂಡಪಲ್ಲಿಯ ಬೊಂಬೆ ತೆಲ್ಲ ಪೊಣಿಕಿ ಎಂಬ ಹಗುರ ಮರದ್ದು, ನಮ್ಮ ಚನ್ನಪಟ್ಟಣದ ಬೊಂಬೆಯಂತೆ ಅದಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ನಕಲಿ ಬೊಂಬೆ ಕೊಂಡರೆ ಕುಶಲಕರ್ಮಿಗೆ ನಷ್ಟ, ಮಗುವಿನ ಪ್ರಾಣಕ್ಕಲ್ಲ. ಅಕ್ಕನ ಮಗಳ ಆನೆ ಒರಿಜಿನಲ್ಲೇ. ಗಾಡಿಯ ಪ್ಯಾಡೂ ಈಗ ಒರಿಜಿನಲ್, ಬಿಲ್ಲು ಭಾವನ ಫೈಲಿನಲ್ಲಿದೆ.

ಮುಂದಿನ ಸಲ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಆ ಪ್ರಶ್ನೆ ಕೇಳಿದಾಗ ಜೇಬು ಮುಟ್ಟಿಕೊಳ್ಳುವ ಮೊದಲು ಒಂದು ಸಲ ಹಿಂದಿನ ಸೀಟು ನೋಡಿ.